ಒಂದು ಬಾಯಿಗೆ ನೂರು ಕಿವಿ

ಹಳೇ ಹುಬ್ಬಳ್ಳಿಯ ಶಿವಗಂಗಾ ಹೊಸಮನಿಯ ಬ್ಯೂಟಿ ಪಾರ್ಲರಿಗೆ ಹೆಂಗಸರು ಹುಬ್ಬು ಮಾಡಿಸಿಕೊಳ್ಳಲು ಬರುತ್ತಿದ್ದರೋ ಅವಳ ಮಾತು ಕೇಳಲು ಬರುತ್ತಿದ್ದರೋ ಹೇಳುವುದು ಕಷ್ಟ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಬಲ್ಲವಳು ಅವಳು. ಐವತ್ತು ದಾಟಿದ ವರ್ಷ, ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಸೋತವು. ಕಾಲು ಕೆಲವು ವಾರಗಳಲ್ಲಿ ಒಂದಿಷ್ಟು ಹಿಡಿತಕ್ಕೆ ಬಂತು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟು. ಕೈಯೂ ನಾಲಗೆಯೂ ಬರಲಿಲ್ಲ. ತಲೆಯಲ್ಲಿ ಮಾತು ಇದ್ದಂತೆಯೇ ಇತ್ತು. ಬಾಯಿಯಿಂದ ಹೊರಬರುವಾಗ ಅದರ ವ್ಯಂಜನಗಳೆಲ್ಲ ಉದುರಿ, ಬರೀ ಸ್ವರಗಳ ಎಳೆಯೊಂದು ಉಳಿಯುತ್ತಿತ್ತು. 'ನೀರು' ಎಂದರೆ 'ಈಉ'. ಓದಲು ಕೊಟ್ಟರೆ ಸಾಲಿನ ಬಲಭಾಗ ಅವಳ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಅಕ್ಷರಗಳು ಜಾರಿಹೋಗುತ್ತಿದ್ದವು.

ಗಂಡ ಫಕ್ಕೀರಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದ. ಬೆಳಗ್ಗೆ ಮಕ್ಕಳನ್ನು ಬಿಟ್ಟು ಬಂದರೆ ಸಂಜೆಯವರೆಗೆ ಅವನು ಹೆಂಡತಿಯ ಬಳಿಯೇ. ಅವನು ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದ ಮನೆಯಲ್ಲಿ ಈಗ ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು.

ಆಸ್ಪತ್ರೆಯ ವಾಕ್‌ಚಿಕಿತ್ಸಕಿಯ ಮೂಲಕ ಈ ಮನೆಗೆ ಬಂದವಳು ತಸ್ನೀಮ್ ನದಾಫ್. ಧಾರವಾಡದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಡಾ. ಇನಾಮದಾರ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಒಂದು ಟ್ಯಾಬ್ಲೆಟ್, ಕೊರಳಪಟ್ಟಿಗೆ ಸಿಕ್ಕಿಸುವ ಒಂದು ಮೈಕು ತಂದಿದ್ದಳು.

"ಮೊಬೈಲಿನಾಗ ಮಾತು ಬರಕೊಳ್ಳೂದು ಐತೆಲ್ಲರಿ ಅಣ್ಣಾರ, ಅದು ಲಕ್ಷಾಂತರ ಮಂದಿ ಮಾತು ಕೇಳಿ ಕಲಿತದ್ದು. ಅಕ್ಕಾರ ಮಾತು ಈಗ ಆ ಲಕ್ಷ ಮಂದಿಯೊಳಗ ಯಾರ ಹಂಗೂ ಇಲ್ಲ. ಅದಕ್ಕ ಅಕ್ಕಾರ ಒಬ್ಬರಿಗೇ ಅಂತ ಒಂದು ಹೊಸಾ ಕಿವಿ ಬೆಳಸೋಣು ಅಂತ."

"ಬೆಳಸೂದಂದ್ರ?"

"ಎಮ್ಮಿ ತಳಿ ಮಾಡ್ತಾರಲ್ರಿ, ಹಂಗ. ಚಲೋ ಹಾಲು ಕೊಡೂ ಎಮ್ಮಿ ಕರಾ ಉಳಿಸ್ಕೋತಾರ, ಉಳಿದದ್ದು ಮಾರ್ತಾರ. ಹತ್ತು ತಲಿಮಾರಿಗೆ ತಳಿನೇ ಬದಲಾಗಿಬಿಡ್ತೈತಿ."

ಟ್ಯಾಬ್ಲೆಟ್ಟಿನೊಳಗೆ ನೂರು ಪುಟ್ಟ ಕಿವಿಗಳಿದ್ದವು. ಕಿವಿ ಎಂದರೆ ಹಿಡಿಯಷ್ಟು ಅಂಕಿಗಳು ಅಷ್ಟೇ: ಸದ್ದನ್ನು ಎಷ್ಟು ಉದ್ದದ ತುಂಡುಗಳಾಗಿ ಕತ್ತರಿಸಬೇಕು, ಯಾವ ಶ್ರುತಿಗೆ ಹೆಚ್ಚು ಗಮನ ಕೊಡಬೇಕು, ಕಿವಿಗೆ ಬಿದ್ದದ್ದನ್ನು ಎಷ್ಟು ನಂಬಬೇಕು, ಈ ಹೊತ್ತಿನಲ್ಲಿ ಈಕೆ ಏನು ಹೇಳಬಹುದು ಎಂಬ ಊಹೆಯನ್ನು ಎಷ್ಟು ನಂಬಬೇಕು. ಒಂದೊಂದು ಕಿವಿಯಲ್ಲಿ ಈ ಅಂಕಿಗಳು ಒಂದೊಂದು ಥರ. ಶಿವಗಂಗಾ ಏನಾದರೂ ಹೇಳಿದಾಗ ಸರದಿಯಲ್ಲಿರುವ ಕಿವಿ ತಾನು ಕೇಳಿಸಿಕೊಂಡದ್ದನ್ನು ಪರದೆಯ ಮೇಲೆ ಬರೆಯುತ್ತದೆ. ಸರಿಯಾಗಿದ್ದರೆ ಹಸಿರು, ತಪ್ಪಾಗಿದ್ದರೆ ಕೆಂಪು ಒತ್ತಬೇಕು. ದಿನದ ಕೊನೆಗೆ ಕೆಂಪು ಹೆಚ್ಚಾದವು ಹೊರಗೆ. ಹಸಿರು ಹೆಚ್ಚಾದವುಗಳ ಅಂಕಿಗಳನ್ನು ಜೋಡಿ ಜೋಡಿಯಾಗಿ ಬೆರೆಸಿ, ಅಲ್ಲಲ್ಲಿ ಒಂದಿಷ್ಟು ಯದ್ವಾತದ್ವಾ ಬದಲಿಸಿದರೆ ಮರುದಿನಕ್ಕೆ ಹೊಸ ನೂರು ತಯಾರು.

"ಅಂದ್ರ ಕೆಂಪು ಒತ್ತಿದ್ರ ಅದು ಸಾಯ್ತೈತಿ?" ಫಕ್ಕೀರಪ್ಪ ಕೇಳಿದ.

"ಹಂಗ ಅನ್ರಿ," ಎಂದು ತಸ್ನೀಮ್ ನಕ್ಕಳು.

ಯಂತ್ರಕ್ಕೆ ಬರೆದದ್ದನ್ನು ಹೆಣ್ಣುದನಿಯಲ್ಲಿ ಓದಿ ಹೇಳಲೂ ಬರುತ್ತಿತ್ತು. ಫಕ್ಕೀರಪ್ಪ ಬೇಡವೆಂದ. "ಬ್ಯಾರೆ ಹೆಣ್ಣಿನ ದನ್ಯಾಗ ಇಕಿ ಮಾತು ಕೇಳಾಕ ನನಗಾಗೂದಿಲ್ರಿ." ದನಿ ಬಂದ್ ಮಾಡಿ, ಟ್ಯಾಬ್ಲೆಟ್ಟನ್ನು ಅವನ ಕೈಗೆ ಕೊಟ್ಟು ಅವಳು ಧಾರವಾಡದ ಬಸ್ಸು ಹತ್ತಿದಳು.

ಮೊದಲ ವಾರ ಪರದೆಯ ತುಂಬ ಬರೀ ಹುಚ್ಚು ಮಾತು. 'ಏಣಿ ಉಪ್ಪು', 'ಬಸ್ಸು ಅಜ್ಜಿ ಬಾಳೆ'. ಫಕ್ಕೀರಪ್ಪನ ಹೆಬ್ಬೆರಳು ಕೆಂಪಿನ ಮೇಲೆಯೇ ಇರುತ್ತಿತ್ತು. ಎರಡನೆಯ ವಾರ ಅಲ್ಲೊಂದು ಇಲ್ಲೊಂದು ಅರ್ಥವಿರುವ ಮಾತು ಬಂತು. ಆಮೇಲೆ ಭರದಿಂದ ಸುಧಾರಿಸಿತು. 'ಚಹಾ ಸಾಕು' ಎಂದು ಬಂತು. 'ನೀವು ಊಟ ಮಾಡ್ರಿ' ಎಂದು ಬಂದ ಮಧ್ಯಾಹ್ನ ಅವನು ತಾಟು ಮುಂದಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತ. ಎರಡು ತಿಂಗಳಿಂದ ಅವನನ್ನು ಯಾರೂ ಊಟ ಮಾಡೆಂದು ಹೇಳಿರಲಿಲ್ಲ.

ಆರನೆಯ ವಾರಕ್ಕೆ ಹಸಿರಿನ ಪ್ರಮಾಣ ನೂರಕ್ಕೆ ತೊಂಬತ್ತನ್ನು ದಾಟಿತು. ಇಂಥ ಮಾತಿಗೆ ಅಷ್ಟು ನಿಖರತೆಯನ್ನು ಇನಾಮದಾರ ಸರ್ ಎಲ್ಲೂ ಕಂಡಿರಲಿಲ್ಲ. ಯೋಜನೆಗೆ ಹಣ ಕೊಟ್ಟವರು ತಿಂಗಳ ಕೊನೆಗೆ ನೋಡಲು ಬರುವವರಿದ್ದರು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿ ಡಾಕ್ಟರಿಗೂ ಯಂತ್ರದಿಂದ ಅನುಕೂಲವಾಗಿತ್ತು. ಬಲಗೈಯನ್ನು ತಲೆಯ ಮೇಲಕ್ಕೆ ಎತ್ತುತ್ತ ಅವನು ಕೇಳುತ್ತಿದ್ದ, "ನೋವು ಆಗಾಕತ್ತೈತೇನ್ರಿ?" ಶಿವಗಂಗಾಳ ಬಾಯಿಂದ ಉದ್ದನೆಯ ದನಿಯೊಂದು ಹೊರಡುತ್ತಿತ್ತು. ಪರದೆಯಲ್ಲಿ ಮೂಡುತ್ತಿತ್ತು: 'ಇಲ್ಲರಿ, ಆರಾಮ ಅದೀನಿ.' ಫಕ್ಕೀರಪ್ಪ ಹಸಿರು ಒತ್ತುತ್ತಿದ್ದ. ಅವಳ ಕಣ್ಣಲ್ಲಿ ನೀರು ಕಂಡಾಗ ಅವನು ಸಮಾಧಾನ ಹೇಳಿದ: "ಲಕ್ವಾ ಆದವರು ಕಾರಣ ಇಲ್ದ ಅಳೂದು ಇರ್ತೈತ್ರಿ, ಕಾಳಜಿ ಮಾಡಬ್ಯಾಡ್ರಿ." ನೋವಿಲ್ಲವಲ್ಲ ಎಂದು ಮರುವಾರ ಕೈಯನ್ನು ಇನ್ನಷ್ಟು ಮೇಲೆ ಎತ್ತಿದ.

ಬರುವವರ ಮುಂದೆ ತೋರಿಸಲು ಒಂದಿಷ್ಟು ಚಿತ್ರೀಕರಣ ಬೇಕಿತ್ತು. ಅದಕ್ಕಾಗಿ ತಸ್ನೀಮ್ ಒಂದು ಮಧ್ಯಾಹ್ನ ಬಂದಳು. ಶಿವಗಂಗಾ ನಿದ್ದೆಯಲ್ಲಿದ್ದಳು. ಮೈಕು, ಟ್ಯಾಬ್ಲೆಟ್ಟು ಅಡುಗೆಮನೆಯ ಕಟ್ಟೆಯ ಮೇಲಿದ್ದವು. ಫಕ್ಕೀರಪ್ಪ ಶೇಂಗಾ ಚಟ್ನಿಗೆಂದು ಮಿಕ್ಸರ್ ಹಾಕಿದ. ಅದು ಗುರ್ ಎಂದು ತಿರುಗಿ ನಿಂತಿತು.

ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ನನಗ ಸಾಕು, ನೀವು ಊಟ ಮಾಡ್ರಿ.'

ತಸ್ನೀಮ್ ಅದನ್ನು ನೋಡಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಅಣ್ಣಾರ, ಇನ್ನೊಮ್ಮೆ ಹಾಕ್ರಿ," ಎಂದಳು. ಅವನು ಹಾಕಿದ. 'ಚಟ್ನಿ ಚಲೋ ಆಗೇತಿ.' ಅವಳು ಮೈಕಿನ ಬಳಿ ಬಾಯಿಟ್ಟು ಒಮ್ಮೆ ಕೆಮ್ಮಿದಳು. 'ನಾ ಆರಾಮ ಅದೀನಿ.'

ಫಕ್ಕೀರಪ್ಪ ಮಿಕ್ಸರಿನ ಮುಚ್ಚಳ ಹಿಡಿದುಕೊಂಡೇ ನಿಂತಿದ್ದ. "ಯಾಕ, ಕೆಟ್ಟೈತೇನ್ ತಂಗಿ?"

"ಗೊತ್ತಿಲ್ರಿ. ನೋಡತೇನಿ. ಒಂದೆರಡು ದಿನ ಇದನ್ನ ನಾ ತಗೊಂಡು ಹೋಗ್ತೇನಿ."

ಆ ಸಂಜೆ ಪ್ರಯೋಗಾಲಯದಲ್ಲಿ ಅವಳು ಅದಕ್ಕೆ ಏನೇನೋ ಕೇಳಿಸಿದಳು. ಫ್ಯಾನಿನ ಸದ್ದು, ಕುರ್ಚಿ ಎಳೆದ ಸದ್ದು, ನಲ್ಲಿಯ ನೀರು. ಎಲ್ಲಕ್ಕೂ ಯಂತ್ರ ಮೃದುವಾಗಿ, ಸಂಸಾರವಂದಿಗರ ಮಾತಿನಲ್ಲಿ ಉತ್ತರ ಕೊಟ್ಟಿತು. ಬೆಳಗಿನ ಹೊತ್ತು ಎಂದು ಗಡಿಯಾರ ಬದಲಿಸಿದರೆ ಚಹಾದ ಮಾತು, ಮಧ್ಯಾಹ್ನ ಎಂದರೆ ಊಟದ ಮಾತು. ಬಾಗಿಲು ಬಡಿದ ಸದ್ದಿಗೆ ಅದು ಬರೆಯಿತು: 'ನೀವು ಇದ್ದೀರೆಲ್ಲ, ನನಗೇನು ಚಿಂತಿಲ್ಲ.'

ಅವಳು ಕಿವಿಗಳ ಅಂಕಿಗಳನ್ನು ಬಿಚ್ಚಿ ನೋಡಿದಳು. ಮೊದಲ ತಲೆಮಾರಿನಲ್ಲಿ ಸದ್ದನ್ನು ನಂಬುವ ಪಾಲು, ಊಹೆಯನ್ನು ನಂಬುವ ಪಾಲು ಹೆಚ್ಚುಕಡಿಮೆ ಸಮಸಮ. ದಿನದಿಂದ ದಿನಕ್ಕೆ ಸದ್ದಿನ ಪಾಲು ಇಳಿಯುತ್ತ ಬಂದು ಈಗ ಇಲ್ಲವೆನ್ನುವಷ್ಟಾಗಿತ್ತು. ಊಹೆಯಾದರೋ ಫಕ್ಕೀರಪ್ಪನ ಹಸಿರು ಸಿಕ್ಕ ವಾಕ್ಯಗಳಿಂದಲೇ ಪಾಠ ಕಲಿತಿತ್ತು.

ಇನಾಮದಾರ ಸರ್ ಅವಳು ತೋರಿಸಿದ ನಕ್ಷೆಯಲ್ಲಿ ಸದ್ದಿನ ಪಾಲು ಇಳಿದ ಗೆರೆಯನ್ನು ನೋಡಿದರು. "ಬೆಳಕು ಬೀಳದ ಗುಹೆಯೊಳಗಿನ ನೀರಾಗ ಮೀನು ಇರ್ತಾವ," ಎಂದರು. "ತಲೆಮಾರುಗಟ್ಟಲೆ ಅಲ್ಲೇ ಇದ್ದು ಅವಕ್ಕ ಕಣ್ಣೇ ಹೋಗಿಬಿಡ್ತಾವ. ಕಣ್ಣು ಇದ್ದರೂ ಪ್ರಯೋಜನ ಇಲ್ಲವಲ್ಲ. ನಿನ್ನ ಕಿವಿಗಳೂ ಹಂಗೇ ಆಗ್ಯಾವ, ತಸ್ನೀಮ್. ಕೇಳಿಸಿಕೊಂಡವಕ್ಕ ಇಲ್ಲಿ ಏನೂ ಲಾಭ ಇರಲಿಲ್ಲ."

"ಅಂದ್ರ ನಾವು ಅಕ್ಕಾರ ಮಾತು ಬೆಳಸಲೇ ಇಲ್ಲ, ಸರ್."

"ಬೆಳಸಿದ್ವಿ. ಆದ್ರ ಯಾರ ಮನಸ್ಸಿನ ಮಾತು ಅನ್ನೂದು ಪ್ರಶ್ನೆ."

ತಸ್ನೀಮಳಿಗೆ ಥಟ್ಟನೆ ನೆನಪಾದದ್ದು ವ್ಯಾಯಾಮದ ಡಾಕ್ಟರು. ಆರು ವಾರಗಳ ಧ್ವನಿಮುದ್ರಣದಲ್ಲಿ ಅವನು ಬಂದ ಹೊತ್ತನ್ನು ಹುಡುಕಿ ಹೆಡ್‌ಫೋನಿನಲ್ಲಿ ಕೇಳಿದಳು. ಡಾಕ್ಟರ ಪ್ರಶ್ನೆ. ನಂತರ ಶಿವಗಂಗಾಳ ದನಿ, ಕೆಳಗಿನಿಂದ ಹೊರಟು ಮೇಲೇರಿ ಒಡೆಯುವ ದನಿ. ಅದು ನೋವೆಂದು ತಿಳಿಯಲು ಯಂತ್ರವೇ ಬೇಕಿರಲಿಲ್ಲ. ಅವಳು ಹೆಡ್‌ಫೋನು ತೆಗೆದಿಟ್ಟು ಫಕ್ಕೀರಪ್ಪನಿಗೆ ಫೋನು ಮಾಡಿದಳು: ತಾನು ಬರುವವರೆಗೆ ವ್ಯಾಯಾಮ ಬೇಡ.

ಮರುದಿನ ಅವಳು ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ. ಮುಖ ಗಂಟಾಯಿತು. "ನಾ ಸುಳ್ಳು ಒತ್ತಿದ್ನಿ ಅಂತೀಯೇನ್ ತಂಗಿ?"

"ಇಲ್ರಿ ಅಣ್ಣಾರ. ನಿಮಗ ಖರೇ ಅನಿಸಿದ್ದನ್ನ ಒತ್ತೀರಿ."

"ಇಪ್ಪತ್ತೆಂಟು ವರ್ಷ ಆತು ಇಕಿ ಕೂಡ ಸಂಸಾರ ಮಾಡಾಕತ್ತು. ಇಕಿ ಏನು ಅಂತಾಳ ಅಂತ ನನಗ ಗೊತ್ತಾಗೂದಿಲ್ಲೇನು?"

ತಸ್ನೀಮ್ ಚೀಲ ತೆರೆದಳು. ಶಿವಗಂಗಾಳ ಮಂಚದ ಬಳಿ ಕುಳಿತು, ಹಸಿರು, ಕೆಂಪು ದೀಪದ ಎರಡು ದೊಡ್ಡ ಗುಂಡಿಗಳಿದ್ದ ಹಲಗೆಯೊಂದನ್ನು ಅವಳ ಎಡಗೈ ಕೆಳಗಿಟ್ಟಳು. "ಅಕ್ಕಾರ, ನಿಮ್ಮ ಹೆಸರಿನ ಮ್ಯಾಲೆ ಈ ಯಂತ್ರ ಏನೇನು ಬರದೈತಿ, ಓದಿಸ್ತೇನಿ. ನೀವು ಅಂದದ್ದಾದ್ರ ಹಸರು. ಅಲ್ಲದಿದ್ರ ಕೆಂಪು," ಎಂದು ದನಿ ಚಾಲೂ ಮಾಡಿದಳು. ಆರು ವಾರಗಳ ಹಿಂದೆಯೇ ಮಾಡಬೇಕಾಗಿದ್ದ ಕೆಲಸ ಅದು ಎಂದು ಅವಳಿಗೆ ಗೊತ್ತಿತ್ತು.

"ಚಹಾ ಸಾಕು." ಶಿವಗಂಗಾ ಹುಬ್ಬೇರಿಸಿದಳು. ಕೆಂಪು.

"ನೀವು ಊಟ ಮಾಡ್ರಿ." ಕೆಂಪು.

"ನೀವು ಇದ್ದೀರೆಲ್ಲ, ನನಗೇನು ಚಿಂತಿಲ್ಲ." ಅವಳ ಬಾಯಿಯ ಎಡಗಡೆ ಓರೆಯಾಯಿತು, ಅದು ನಗು ಎಂದು ತಿಳಿಯಲು ತಸ್ನೀಮಳಿಗೆ ಒಂದು ಗಳಿಗೆ ಬೇಕಾಯಿತು. ಕೆಂಪು.

"ಇಲ್ಲರಿ, ಆರಾಮ ಅದೀನಿ." ನಗು ಹೋಯಿತು. ಎಡಗೈ ಮುಷ್ಟಿಯಾಗಿ ಕೆಂಪಿನ ಮೇಲೆ ಬಿತ್ತು. ಮತ್ತೊಮ್ಮೆ ಬಿತ್ತು. ಹಲಗೆ ಹಾಸಿಗೆಯಿಂದ ಜಾರಿ ನೆಲಕ್ಕೆ ಬೀಳುವವರೆಗೂ ಅವಳು ಬಡಿದಳು.

ಫಕ್ಕೀರಪ್ಪ ಹಲಗೆಯನ್ನು ಎತ್ತಿ ಮತ್ತೆ ಅವಳ ಕೈಕೆಳಗಿಟ್ಟ. ವ್ಯಾನಿನ ಕೀಲಿ ತೆಗೆದುಕೊಂಡು ಹೊರಗೆ ಹೋದ. ಶಾಲೆ ಬಿಡಲು ಇನ್ನೂ ಬಹಳ ಹೊತ್ತಿತ್ತು.

ಹೊಸ ನೂರು ಕಿವಿಗಳನ್ನು ಬುಡದಿಂದ ಶುರುಮಾಡಿದರು. ಈ ಸಲ ಊಹೆಯ ಪಾಲು ಒಂದು ಮಿತಿಗಿಂತ ಮೇಲೇರದಂತೆ ತಸ್ನೀಮ್ ಕಟ್ಟು ಹಾಕಿದಳು. ಯಂತ್ರ ಬರೆದು, ಗಟ್ಟಿಯಾಗಿ ಹೇಳುತ್ತದೆ, ಶಿವಗಂಗಾ ಒತ್ತುತ್ತಾಳೆ. ಕೆಂಪು, ಕೆಂಪು, ಕೆಂಪು. 'ಏಣಿ ಉಪ್ಪು' ಮತ್ತೆ ಬಂತು. ನಿಖರತೆ ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಫಕ್ಕೀರಪ್ಪ ಎರಡು ದಿನ ನೋಡಿ, "ಮೊದಲಿಂದೇ ಚಲೋ ಇತ್ತು," ಎಂದ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ ಆ ಮಾತುಗಳಿಲ್ಲದೆ ಅವನು ಮಧ್ಯಾಹ್ನ ತಾಟಿನಲ್ಲಿ ಅರ್ಧ ಊಟ ಬಿಟ್ಟು ಏಳುತ್ತಿದ್ದ.

ಮೂರನೆಯ ದಿನ ಸಂಜೆ ಅವನು ವ್ಯಾನು ನಿಲ್ಲಿಸಿ ಒಳಗೆ ಬಂದಾಗ ಶಿವಗಂಗಾ ಒಂದೇ ದನಿಯನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. 'ಎಅಉ.' ಯಂತ್ರ, "ಎಲೆಯು," ಎಂದಿತು. ಕೆಂಪು. 'ಎಅಉ.' "ಕೆಲಸ." ಕೆಂಪು. ಅವನಿಗೆ ಏನೋ ಹೊಳೆದಂತಾಗಿ ಬಾಯಿ ತೆರೆದ. ತೆರೆದ ಬಾಯನ್ನು ಮುಚ್ಚಿದ. 'ಎಅಉ.'

"ಹೆಗಲು," ಎಂದಿತು ಯಂತ್ರ.

ಹಸಿರು. ಅವಳು ಕೈ ತೆಗೆಯಲೇ ಇಲ್ಲ. ಹಸಿರು ದೀಪ ಉರಿಯುತ್ತಲೇ ಇತ್ತು.

ಮರುದಿನ ಎಕ್ಸ್-ರೇಯಲ್ಲಿ ಕಂಡಿತು: ಬಲ ಹೆಗಲಿನ ಕೀಲು ಗೂಡಿನಿಂದ ಅರ್ಧ ಜಾರಿತ್ತು. ಸೋತ ಕೈಯಲ್ಲಿ ಸ್ನಾಯುಗಳ ಬಿಗಿ ಇರುವುದಿಲ್ಲ. ಎತ್ತಿದಾಗಲೆಲ್ಲ ಇನ್ನಷ್ಟು ಜಾರಿತ್ತು. ದೊಡ್ಡ ಡಾಕ್ಟರು ಹೆಗಲಿಗೆ ಪಟ್ಟಿ ಕಟ್ಟಿ, ಕೈ ಎತ್ತುವುದನ್ನು ನಿಲ್ಲಿಸಿ, ನೋವಿಗೆ ಇಂಜೆಕ್ಷನ್ ಕೊಟ್ಟರು. ಇನ್ನೊಂದು ತಿಂಗಳು ಹೀಗೇ ನಡೆದಿದ್ದರೆ ಆ ಕೀಲು ಮತ್ತೆ ಕೂಡುತ್ತಿರಲಿಲ್ಲವೆಂದರು. ಅಂದು ಶಿವಗಂಗಾ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಮಲಗಿದಳು.

ಹಣ ಕೊಟ್ಟವರು ಬಂದು ನೋಡಿದಾಗ ನಿಖರತೆ ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿತ್ತು. ತೊಂಬತ್ತು ಏನಾಯಿತು ಎಂದು ಅವರು ಕೇಳಿದರು. ತಸ್ನೀಮ್ ಅವರಿಗೆ ಮಿಕ್ಸರಿನ ಸದ್ದು ಕೇಳಿಸಿದಳು. ಒಬ್ಬರು ನಕ್ಕರು, ಒಬ್ಬರು ಬರೆದುಕೊಂಡರು. ಇನ್ನು ಆರು ತಿಂಗಳು ನೋಡೋಣವೆಂದು ಹೇಳಿ ಹೋದರು.

ಅದಾದ ಮೇಲೆ ಒಂದು ಭಾನುವಾರ ತಸ್ನೀಮ್ ಹುಬ್ಬಳ್ಳಿಗೆ ಬಂದಳು. ಶಿವಗಂಗಾ ಕುರ್ಚಿಯಲ್ಲಿ ಕುಳಿತಿದ್ದಳು. ಮೈಯಲ್ಲಿ ನೋವಿಲ್ಲದ್ದರಿಂದ ಮುಖದಲ್ಲಿ ಕಳೆ ಬಂದಿತ್ತು. ಇವಳನ್ನು ಕಂಡೊಡನೆ ಎದುರು ಕೂರಲು ಸನ್ನೆ ಮಾಡಿ, ಮಾತಾಡತೊಡಗಿದಳು. ಒಂದೊಂದು ಪದಕ್ಕೂ ಎರಡೆರಡು ಮೂರು ಮೂರು ಕೆಂಪು. ಫಕ್ಕೀರಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ನಡುವೆ ಬಾಯಿ ಹಾಕಲಿಲ್ಲ. ಬಹಳ ಹೊತ್ತಿನ ಮೇಲೆ ಹಸಿರು ಸಿಕ್ಕ ಪದಗಳೆಲ್ಲ ಒಂದು ಸಾಲಾಗಿ ನಿಂತವು:

'ಸತ್ತ ಕಿವಿ. ಅದರಾಗ ಯಾವುದರೆ ನನ್ನ ಮಾತು ಕೇಳಿತ್ತೇನು?'

ಇಷ್ಟು ದಿನ ಎಲ್ಲರೂ ಅವಳನ್ನು ಪ್ರಶ್ನೆ ಕೇಳಿದ್ದರು. ಇದು ಅವಳು ಕೇಳಿದ ಮೊದಲ ಪ್ರಶ್ನೆ. ತಸ್ನೀಮ್ ಟ್ಯಾಬ್ಲೆಟ್ಟನ್ನು ಎತ್ತಿಕೊಂಡಳು. ಹೌದಲ್ಲ! ತಳಿ ಕೆಟ್ಟದ್ದು ನಿಜ. ಆದರೆ ಮೊದಮೊದಲ ತಲೆಮಾರುಗಳಲ್ಲಿ ಸದ್ದನ್ನು ನಂಬುವ ಕಿವಿಗಳೂ ಇದ್ದವು. ಸರಿಯಾಗಿ ಕೇಳಿಸಿಕೊಂಡು, ಸರಿಯಾದದ್ದನ್ನೇ ಬರೆದು, ಅದಕ್ಕಾಗಿಯೇ ಕೆಂಪು ತಿಂದವು ಇದ್ದಿರಬಹುದು. ಇದು ತನಗಾಗಲಿ ಸರ್‌ಗಾಗಲಿ ಯಾಕೆ ಹೊಳೆಯಲಿಲ್ಲ?

"ಅಳಿಸಿಲ್ರಿ ಅಕ್ಕಾರ," ಎಂದಳು. "ಬರೇ ಅಂಕಿ ಅಲ್ಲೇನ್ರಿ, ಜಾಗಾ ಹಿಡಿಯೂದಿಲ್ಲ. ಹೊರಗ ಹಾಕಿದ್ದೆಲ್ಲಾ ಹಂಗ ಐತಿ. ಎಬ್ಬಸೂಣೇನು?"

ಶಿವಗಂಗಾ ಹಸಿರು ಒತ್ತಿದಳು.

ಧಾರವಾಡದ ಕಂಪ್ಯೂಟರಿನಿಂದ ಅವನ್ನು ಇಳಿಸಿಕೊಳ್ಳಲು ಒಂದು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. "ಏನರೆ ಒಂದು ಮಾತು ಹೇಳ್ರಿ," ಎಂದಳು ತಸ್ನೀಮ್. "ಯಾರಿಗೂ ಹೊಳೀಲಾರದ್ದು. ಒಂದೊಂದು ಕಿವಿ ಏನು ಕೇಳಿಸ್ಕೋತೈತಿ ನೋಡೂಣು."

ಶಿವಗಂಗಾ ಗಂಡನ ಕಡೆ ಒಮ್ಮೆ ನೋಡಿ, ಮೈಕಿಗೆ ಬಗ್ಗಿ, ನಿಧಾನವಾಗಿ ಒಂದು ವಾಕ್ಯ ಹೇಳಿದಳು. ಸ್ವರಗಳ ಎಳೆ ಎದ್ದು ಬಿತ್ತು.

ಸತ್ತ ಕಿವಿಗಳು ಒಂದೊಂದಾಗಿ ಎದ್ದವು. "ಹೊಟ್ಟೆ ಬಳಪ." ಕೆಂಪು. "ಹೈನ ಕೊಟ್ಟಿಗೆ ಸೀರೆ." ಕೆಂಪು, ಅವಳು ನಕ್ಕಳು. "ಅಯ್ಯೋ ಬಟ್ಟಲು." ಕೆಂಪು. ಹೀಗೇ ನಡೆಯಿತು. ಸಂತೆಗೆ ಬಂದ ಹುಚ್ಚರೆಲ್ಲ ಸರದಿಯಲ್ಲಿ ನಿಂತು ಮಾತಾಡಿದಂತಿತ್ತು. ಫಕ್ಕೀರಪ್ಪ ಕೂಡ ಬಾಗಿಲು ಬಿಟ್ಟು ಹತ್ತಿರ ಬಂದು ಕುಳಿತ. ಮುಂದಿನದು ಏನೆನ್ನುತ್ತದೋ ಎಂದು ಮೂವರೂ ಕತ್ತು ಚಾಚಿಕೊಂಡಿದ್ದರು.

"ಬೈತಲಿ ಸೊಟ್ಟ ತೆಗೀತೀರಿ," ಎಂದಿತು ಒಂದು ಕಿವಿ.

ಹಸಿರು.

ಫಕ್ಕೀರಪ್ಪ ಹೆಂಡತಿಯ ತಲೆ ನೋಡಿದ. ಲಕ್ವಾ ಹೊಡೆದಾಗಿನಿಂದ ಅವಳ ಕೂದಲು ಬಾಚಿ ಹೆರಳು ಹಾಕುವವನು ಅವನೇ. ಊರ ಹೆಂಗಸರ ತಲೆಯನ್ನೆಲ್ಲ ಅಣಿಗೊಳಿಸಿದವಳ ಬೈತಲೆ ಹಣೆಯಿಂದ ಹೊರಟು ಕಿವಿಯ ಕಡೆಗೆ ವಾಲಿತ್ತು.

"ಇದನ್ನ ಯಾವಾಗ ಹೊರಗ ಹಾಕಿದ್ದು ತಂಗಿ?" ಅವನು ಕೇಳಿದ.

"ಎರಡನೇ ವಾರದಾಗ್ರಿ."

ಅವನು ಹೆಂಡತಿಯ ಹೆಗಲಿನ ಪಟ್ಟಿ ನೋಡಿದ. "ಆ ವಾರ ಒಮ್ಮೆ 'ಹೆಗಲು' ಅಂತ ಬರದಿತ್ತು," ಎಂದ. "ಹೆಗಲು ಸುಡಾಕತ್ತೈತಿ ಅಂತ. ಸುಡಾಕ ಏನಾಗೇತಿ, ಹುಚ್ಚು ಮಾತು ಅಂತ ಕೆಂಪು ಒತ್ತಿದ್ನಿ." ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಇದೇ ಇರಬೇಕು ಅದು. ನಾನೇ..."

ಶಿವಗಂಗಾ ಎಡಗೈ ಎತ್ತಿ ಅವನ ಮಾತನ್ನು ತಡೆದಳು. ಮೈಕಿಗೆ ಬಗ್ಗಿ ಏನೋ ಹೇಳಿದಳು. ಎಬ್ಬಿಸಿದ ಕಿವಿ ಒಂದು ಕ್ಷಣ ತಡೆದು ಬರೆಯಿತು, ದನಿ ಓದಿತು:

"ಅಳಬ್ಯಾಡ್ರಿ. ಬಾಚಣಿಕಿ ತರ್ರಿ."

ಅವನು ಒಳಗೆ ಹೋಗಿ ಬಾಚಣಿಗೆ ತಂದ. ಹೆರಳು ಬಿಚ್ಚಿ, ಕುರ್ಚಿಯ ಹಿಂದೆ ನಿಂತು, ಅದರ ಹಲ್ಲನ್ನು ಹಣೆಯ ನಡುವೆ ಇಟ್ಟ. ತಸ್ನೀಮ್ ಆ ಕಿವಿಯ ಅಂಕಿಗಳನ್ನು ನಾಳಿನ ತಲೆಮಾರಿಗೆ ತಾಯಿಯಾಗಿ ಗುರುತು ಹಾಕಿಕೊಳ್ಳುತ್ತಿದ್ದಳು. ಶಿವಗಂಗಾಳ ಗಂಟಲಿಂದ ಚಿಕ್ಕದೊಂದು ದನಿ ಬಂತು.

"ಎಡಕ್ಕ," ಎಂದಿತು ಯಂತ್ರ.

ಬಾಚಣಿಗೆ ಎಡಕ್ಕೆ ಸರಿಯಿತು.

"ಇನ್ನಷ್ಟು ಎಡಕ್ಕ."

ಇನ್ನಷ್ಟು ಸರಿಯಿತು. ಹಸಿರು ಗುಂಡಿ ಒತ್ತಲು ಅವಳಿಗೆ ಪುರಸೊತ್ತಿರಲಿಲ್ಲ.